ನಿಮಗಿದು ಗೊತ್ತೇ? ಆಕಾರ ಸೊಟ್ಟಗಿದ್ದರೆ ವಿದ್ಯುತ್ ಬಲದ ಲೆಕ್ಕವೇ ಬೇರೆ

● ಎರಡು ವಿದ್ಯುದಾವೇಶಗಳ ನಡುವಿನ ದೂರ ದುಪ್ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಫ್ರಾನ್ಸಿನ ಕೂಲಂಬ್ 1785ರಲ್ಲಿ ತೋರಿಸಿಕೊಟ್ಟ ಈ ನಿಯಮ ನೇರವಾಗಿ ಅನ್ವಯಿಸುವುದು ಬಿಂದುವಿನಷ್ಟು ಚಿಕ್ಕ ಆವೇಶಗಳಿಗೆ. ಅಂಕುಡೊಂಕಾದ ಎರಡು ಲೋಹದ ತುಂಡುಗಳಿದ್ದರೆ ದೂರವನ್ನು ಎಲ್ಲಿಂದ ಎಲ್ಲಿಗೆ ಅಳೆಯುವುದು?

● ಲೋಹದಲ್ಲಿ ಆವೇಶ ಕೂತಲ್ಲಿ ಕೂರುವುದಿಲ್ಲ. ಮೂಲೆ, ಅಂಚುಗಳಲ್ಲಿ ಒತ್ತಾಗಿ ಸೇರುತ್ತದೆ; ಎದುರಿಗೆ ಇನ್ನೊಂದು ವಸ್ತು ಬಂದರೆ ಮತ್ತೆ ಜಾಗ ಬದಲಿಸುತ್ತದೆ. ಈ ಹಂಚಿಕೆ ತಿಳಿಯದೆ ಬಲ ಸಿಗದು. ನಿಜವಾದ ತೊಡಕು ಇರುವುದು ಇಲ್ಲೇ.

● ಗೋಳದ ಧಾರಕತೆಗೆ, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯಕ್ಕೆ, ಒಂದು ಸಾಲಿನ ಸೂತ್ರ ಸಾಕು. ಘನಾಕೃತಿಗೆ ಅಂಥ ಸೂತ್ರ ಇದುವರೆಗೂ ಯಾರಿಗೂ ಸಿಕ್ಕಿಲ್ಲ! 1 ಮೀಟರ್ ಬದಿಯ ಘನದ ಧಾರಕತೆ ಸುಮಾರು 73.5 ಪಿಕೋಫ್ಯಾರಡ್ ಎಂಬುದು ಕಂಪ್ಯೂಟರ್ ಕೊಟ್ಟ ಉತ್ತರ.

● ಕಂಪ್ಯೂಟರ್ ಇಲ್ಲದ ಕಾಲದಲ್ಲೇ ದಾರಿ ತೋರಿಸಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಚೌಕ ತಗಡೊಂದನ್ನು ಅವರು 36 ಸಣ್ಣ ಚೌಕಗಳಾಗಿ ಭಾಗ ಮಾಡಿದರು. ಒಂದೊಂದರಲ್ಲೂ ಆವೇಶ ಸಮನಾಗಿ ಹರಡಿದೆ ಎಂದುಕೊಂಡು, ತಗಡಿನ ಎಲ್ಲೆಡೆ ವಿಭವ (ವೋಲ್ಟೇಜ್) ಒಂದೇ ಇರುವಂತೆ ಸಮೀಕರಣ ಹೂಡಿದರು. ನಾಲ್ಕೂ ಬದಿ ಒಂದೇ ತೆರನಾದ್ದರಿಂದ ಕಂಡುಹಿಡಿಯಬೇಕಾದ ಬೆಲೆಗಳು 36 ಅಲ್ಲ, ಬರೀ 6. ತಗಡಿನ ಧಾರಕತೆಗೆ 1879ರಲ್ಲಿ ಪ್ರಕಟವಾದ ಆ ಉತ್ತರಕ್ಕೂ ಇಂದಿನ ಉತ್ತರಕ್ಕೂ ಶೇ 2ರಷ್ಟೂ ಅಂತರವಿಲ್ಲ. ಕೈಯಲ್ಲೇ ಮಾಡಿದ ಲೆಕ್ಕಕ್ಕೆ ಇದು ಅದ್ಭುತವೇ ಸರಿ.

● ಇಂದಿನ ತಂತ್ರಾಂಶಗಳೂ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಮೇಲ್ಮೈಯನ್ನು ಪುಟ್ಟ ತ್ರಿಕೋನಗಳಾಗಿ ಸೀಳುತ್ತವೆ. 10,000 ತುಂಡುಗಳಾದರೆ ನೋಡಬೇಕಾದ ಜೋಡಿ ಸಂಬಂಧಗಳು 10 ಕೋಟಿ. ದೂರದ ತುಂಡುಗಳನ್ನು ಗುಂಪಾಗಿ ಪರಿಗಣಿಸಿ ಈ ಹೊರೆ ಇಳಿಸುವ ವಿಧಾನವನ್ನು 1987ರಲ್ಲಿ ಗ್ರೀನ್‌ಗಾರ್ಡ್ ಮತ್ತು ರೋಖ್ಲಿನ್ ಪ್ರಕಟಿಸಿದರು.

● ಸಜಾತೀಯ ಆವೇಶ ಹೊತ್ತ ವಸ್ತುಗಳು ಯಾವಾಗಲೂ ವಿಕರ್ಷಿಸುತ್ತವೆಯೇ? ಇಲ್ಲ. ಎರಡು ಲೋಹದ ಗೋಳಗಳು ತೀರ ಹತ್ತಿರ ಬಂದಾಗ ಒಂದರ ಎದುರು ಮುಖದಲ್ಲಿ ವಿರುದ್ಧ ಆವೇಶ ಮೂಡಿ ಅವು ಆಕರ್ಷಿಸುತ್ತವೆ. ಪರಸ್ಪರ ತಾಗಿಸಿದಾಗ ಹಂಚಿಕೆಯಾಗುವ ಪ್ರಮಾಣದಲ್ಲೇ ಆವೇಶಗಳಿದ್ದರೆ ಮಾತ್ರ ಹೀಗಾಗದು. ನ್ಯೂಜಿಲೆಂಡಿನ ಜಾನ್ ಲೆಕ್ನರ್ 2012ರಲ್ಲಿ ಇದನ್ನು ಗಣಿತದಿಂದ ಸಾಧಿಸಿದರು.

● ಗಾಳಿಯಲ್ಲಿ ಈ ಬಲಕ್ಕೆ ಮಿತಿಯುಂಟು. ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಕಿಡಿ ಹಾರುತ್ತದೆ. ಆಗಲೂ ಲೋಹದ ಮೇಲ್ಮೈ ಮೇಲಿನ ಸೆಳೆತ ಸುಮಾರು 40 ಪ್ಯಾಸ್ಕಲ್, ಅಂದರೆ 4 ಮಿಲಿಮೀಟರ್ ನೀರಿನ ಒತ್ತಡದಷ್ಟೇ.

● ವಸ್ತು ಎಷ್ಟೇ ವಕ್ರವಾಗಿರಲಿ, ಅದರ ಸುತ್ತ ಒಂದು ಕಾಲ್ಪನಿಕ ಡಬ್ಬಿ ಎಳೆದು, ಡಬ್ಬಿಯ ಮೇಲಿನ ವಿದ್ಯುತ್ ಕ್ಷೇತ್ರವಷ್ಟೇ ಗೊತ್ತಿದ್ದರೂ ಒಟ್ಟು ಬಲ ಲೆಕ್ಕ ಹಾಕಬಹುದು. ಇದೂ ಮ್ಯಾಕ್ಸ್‌ವೆಲ್ ಕೊಡುಗೆಯೇ.

● ಆಕಾರ ನುಣುಪಾಗಿದ್ದರೂ ಸಾಲದು. 2004ರಲ್ಲಿ ಹಾರಿದ ನಾಸಾದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದಲ್ಲಿ 38 ಮಿಲಿಮೀಟರ್ ವ್ಯಾಸದ, ಬಹುತೇಕ ಪರಿಪೂರ್ಣವಾದ ಸ್ಫಟಿಕ ಗೋಳಗಳಿದ್ದವು. ಅವುಗಳ ಲೋಹಲೇಪನದಲ್ಲೂ ಸುತ್ತಲಿನ ಗೋಡೆಯಲ್ಲೂ ವಿಭವ ತೇಪೆ ತೇಪೆಯಾಗಿ ಅಲ್ಲಲ್ಲಿ ತುಸು ಹೆಚ್ಚುಕಡಿಮೆ ಇತ್ತು. ಆ ತೇಪೆಗಳ ನಡುವಿನ ಬಲವೇ ತಿರುಗುವ ಗೋಳಗಳನ್ನು ವಾಲಿಸಿತು. ಅದರ ಪಾಲನ್ನು ಲೆಕ್ಕ ಹಾಕಿ ಕಳೆಯುವುದಕ್ಕೆ ವರ್ಷಗಳೇ ಹಿಡಿದವು. 2011ರಲ್ಲಿ ಫಲಿತಾಂಶ ಬಂದಾಗ, ಭೂಮಿಯ ಆವರ್ತನೆ ಸುತ್ತಲ ದೇಶಕಾಲವನ್ನು ಎಳೆಯುವ ಪರಿಣಾಮದ ಅಳತೆ ಶೇ 1ರ ಗುರಿಯ ಬದಲು ಶೇ 19ರ ಅನಿಶ್ಚಿತತೆಯಲ್ಲಿ ನಿಂತಿತು.