ತಲೆಗಲ್ಲ, ಕೆನ್ನೆಗೆ ಹೊಡಿ

ಸ್ಟೀಲ್ ಲೋಟದೊಳಗೆ ಇನ್ನೊಂದು ಲೋಟ ಸಿಕ್ಕಿಕೊಂಡು ಫಜೀತಿಯಾಗದ ಮನೆ ಇರಲಿಕ್ಕಿಲ್ಲ. ನಾವು ಮಕ್ಕಳು ಇಬ್ಬರು ಎರಡು ಕಡೆ ಹಿಡಿದು ಜಗ್ಗುತ್ತಿದ್ದೆವು. ಅಜ್ಜಿ ಮಾತ್ರ ಎಂದೂ ಜಗ್ಗಿದವಳಲ್ಲ. ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬಿಸಿನೀರಲ್ಲಿಟ್ಟು, ಪಕ್ಕಕ್ಕೆ ಸೌಟಿನಿಂದ ಟಣ್ಣನೆ ಒಂದು ಬಿಡುತ್ತಿದ್ದಳು. ಹಳೇ ಜೀಪಿನ ಟೈರಾಡ್ ಎಂಡ್ ಬಿಚ್ಚುವ ಮೇಸ್ತ್ರಿಗಳನ್ನು ಕಂಡಾಗಲೆಲ್ಲ ನನಗೆ ಆ ಸೌಟು ನೆನಪಾಗುತ್ತದೆ.

ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗಬೇಕು. ಚಕ್ರ ಗುಂಡಿಗೆ ಬಿದ್ದು ಎದ್ದರೂ ನಡುವಿನ ಕೊಂಡಿ, ಅಂದರೆ ಟೈರಾಡ್, ಕಳಚಬಾರದು. ಅದಕ್ಕೆಂದೇ ಅದರ ತುದಿಯಲ್ಲಿ ಬಾಲ್ ಜಾಯಿಂಟ್. ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲೊಳಗೆ ಕೂತ ಒಂದು ಗುಂಡು, ಗುಂಡಿನಿಂದ ಹೊರಟ ಒಂದು ಉಕ್ಕಿನ ಮೊಳೆ. ಮೊಳೆ ತುದಿಗೆ ಹೋದಂತೆ ಸಣ್ಣಗಾಗುತ್ತದೆ. ಅದು ಕೂರುವ ಸ್ಟೀರಿಂಗ್ ಆರ್ಮಿನ ಕಣ್ಣೂ ಅದೇ ಅಳತೆಗೆ ಇಳಿಜಾರು. ತುದಿಯ ನಟ್ಟು ಬಿಗಿ ಮಾಡಿದಷ್ಟೂ ಮೊಳೆ ಕಣ್ಣಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಇಳಿಜಾರು ಬಹಳ ಕಡಿಮೆ, ಎಂಟು ಹತ್ತು ಮಿಲಿಮೀಟರ್ ಉದ್ದಕ್ಕೆ ದಪ್ಪದಲ್ಲಿ ಒಂದೇ ಮಿಲಿಮೀಟರಿನಷ್ಟು ವ್ಯತ್ಯಾಸ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರುವುದಿಲ್ಲ. ನಟ್ಟು ಪೂರ್ತಿ ಬಿಚ್ಚಿದರೂ ಜಾಯಿಂಟು ಜಪ್ಪಯ್ಯ ಅನ್ನುವುದಿಲ್ಲ.

ಎಲ್ಲರೂ ತುಕ್ಕನ್ನು ಬೈಯುತ್ತಾರೆ. ಈ ಮೊಂಡುತನ ಹೊಸ ಗಾಡಿಯಲ್ಲೂ ಇರುತ್ತದೆ, ಇರಲೇಬೇಕು. ಘಾಟಿಯ ತಿರುವಿನಲ್ಲಿ ನಮ್ಮ ಜೀವ ಅದರ ಮೇಲೇ ನಿಂತಿರುತ್ತದೆ. ತುಕ್ಕು ಅದಕ್ಕೊಂದು ಬೆಸುಗೆ ಹಾಕುತ್ತದೆ, ಅಷ್ಟೆ. ಆ ಬೆಸುಗೆ ನೋಡಬೇಕೆಂದರೆ ಮಳೆಗಾಲ ಮುಗಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆಯ ಗ್ಯಾರೇಜುಗಳಿಗೆ ಹೋಗಬೇಕು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದರಲ್ಲ, ಆ ಸಂತತಿಯ ಗಾಡಿಗಳು ಕಾಫಿ ತೋಟಗಳಲ್ಲಿ ಇನ್ನೂ ಓಡಾಡುತ್ತಿವೆ. ತಿಂಗಳುಗಟ್ಟಲೆ ಕೆಸರಲ್ಲಿ ಅದ್ದಿದ ಮೇಲೆ ಜಾಯಿಂಟಿನ ರಬ್ಬರ್ ಟೊಪ್ಪಿ ಸೀಳುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ನೀರು ಒಳಗೆ ಕೂರುತ್ತದೆ.

ಅಂಥದೊಂದು ಗ್ಯಾರೇಜಿನಲ್ಲಿ ಒಂದಿಡೀ ಬೆಳಗ್ಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ತೋಟದ ಜೀಪೊಂದು ಬಂದಿತ್ತು, ಹಿಂದಿನ ರಾತ್ರಿಯೇ ಅದರ ನಟ್ಟಿಗೆ ಸೀಮೆಎಣ್ಣೆ ಬಿಟ್ಟಿದ್ದರು. ಅದು ನಟ್ಟಿನ ಥ್ರೆಡ್ಡಿಗೆ ಉಪಕಾರಿ. ಕಚ್ಚಿ ಕೂತ ಇಳಿಜಾರಿನೊಳಗೆ ಎಣ್ಣೆ ಇಳಿಯುವುದು ಅಷ್ಟಕ್ಕಷ್ಟೆ. ಮೊದಲು ಸ್ಪ್ಲಿಟ್ ಪಿನ್. ನೆಟ್ಟಗೆ ಬರಲಿಲ್ಲ, ಮುರಿದು ಚೂರು ಚೂರಾಗಿ ಬಂತು. ಆಮೇಲೆ ನಟ್ಟು. ಅದನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿದರು, ಕಿತ್ತು ಬಂದಾಗ ರಾಡು ಮುಖಕ್ಕೆ ಹಾರಬಾರದಲ್ಲ. ಹುಡುಗ ಸುತ್ತಿಗೆ ಎತ್ತಿಕೊಂಡು ಮೊಳೆಯ ತುದಿಗೇ ಬಿಡಲು ಹೊರಟ.

"ತಲೆಗೆ ಹೊಡೀಬೇಡ ಕಣೋ, ಕೆನ್ನೆಗೆ ಹೊಡಿ" ಎಂದರು ಮೇಸ್ತ್ರಿ.

ತಲೆಗೆ ಹೊಡೆದರೆ ಮೊಳೆಯ ತುದಿ ಅಣಬೆಯ ಹಾಗೆ ಅರಳುತ್ತದೆ, ಥ್ರೆಡ್ಡು ಹೋಗುತ್ತದೆ, ಜಾಯಿಂಟು ಕೂತಲ್ಲೇ ಕೂತಿರುತ್ತದೆ. ಕೆನ್ನೆ ಅಂದರೆ ಆರ್ಮಿನ ಕಣ್ಣಿನ ಪಕ್ಕ. ಒಂದು ಕಡೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಕಡೆಯಿಂದ ಇನ್ನೊಂದರಲ್ಲಿ ಬಿಡಬೇಕು. ಏಟು ಬಿದ್ದ ಗಳಿಗೆಯಲ್ಲಿ ದುಂಡಗಿನ ಕಣ್ಣು ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗಿ ಮತ್ತೆ ದುಂಡಗಾಗುತ್ತದೆ. ಆ ಗಳಿಗೆಯಲ್ಲಿ ಹಿಡಿತ ತಪ್ಪುತ್ತದೆ. ಒಂದು, ಎರಡು, ಮೂರು ಏಟಿಗೂ ಟಣ್ ಟಣ್ ಅಂತಲೇ ಕೇಳಿಸಿತು. ನಾಲ್ಕನೆಯದಕ್ಕೆ ದನಿ ಒಡೆದು ದಡ್ ಎಂದಿತು. ರಾಡು ನಟ್ಟಿನ ಮೇಲೆ ಬಂದು ಕೂತಿತ್ತು.

ಇದಕ್ಕೆ ಸಲಕರಣೆ ಇಲ್ಲವೆಂದಲ್ಲ. ಸ್ಕ್ರೂ ತಿರುಗಿಸಿ ಒತ್ತುವ ಪುಲ್ಲರ್ ಇದೆ. ಅದನ್ನು ಬಿಗಿ ಮಾಡಿಟ್ಟು ಕೆನ್ನೆಗೊಂದು ಏಟು ಕೊಟ್ಟರೆ ಇನ್ನೂ ಸಲೀಸು. ಎರಡು ಹಲ್ಲಿನ ಬೆಣೆಯಂಥ ಫೋರ್ಕ್ ಇದೆ. ಅದು ಬೇಗ ಬಿಡಿಸುತ್ತದೆ, ಜೊತೆಗೆ ರಬ್ಬರ್ ಟೊಪ್ಪಿಯನ್ನೂ ಹರಿಯುತ್ತದೆ. ಎಸೆಯುವ ಜಾಯಿಂಟಾದರೆ ಅಡ್ಡಿಯಿಲ್ಲ. ಗ್ಯಾಸ್ ಹಚ್ಚಿ ಕಾಯಿಸುವವರೂ ಇದ್ದಾರೆ. ಲೋಟಕ್ಕೆ ಬಿಸಿನೀರು ಸರಿ, ಸ್ಟೀರಿಂಗ್ ಆರ್ಮಿಗೆ ಬೆಂಕಿ ನನಗೆ ಒಪ್ಪಿಗೆಯಿಲ್ಲ. ಹದಗೊಳಿಸಿದ ಉಕ್ಕು ಕೆಂಪಗಾದರೆ ಹದ ಕೆಡುತ್ತದೆ, ಗ್ರೀಸಿಗೆ ಬೆಂಕಿ ಹತ್ತುವುದು ಬೇರೆ.

ಎಲ್ಲ ಗಾಡಿಗೂ ಒಂದೇ ಮದ್ದಲ್ಲ. ಮಾರುತಿ 800ರಲ್ಲಿ ಟೈರಾಡ್ ಎಂಡ್ ಹೀಗೇ, ಆದರೆ ಕೆಳಗಿನ ಬಾಲ್ ಜಾಯಿಂಟನ್ನು ಸೀಳುಗಣ್ಣಿನಲ್ಲಿ ಬೋಲ್ಟು ಹಾಕಿ ಅಮುಕಿರುತ್ತಾರೆ; ಅಲ್ಲಿ ಸೀಳಿಗೆ ಉಳಿ ಕೊಟ್ಟು ಬಾಯಿ ಬಿಡಿಸಬೇಕು. ಇನ್ನು ಕಾಯಿಲ್ ಸ್ಪ್ರಿಂಗಿನ ಕಾರುಗಳಲ್ಲಿ, ಸ್ಪ್ರಿಂಗು ಸಸ್ಪೆನ್ಷನ್ ಆರ್ಮಿನ ಮೇಲೆಯೇ ಕೂತಿದ್ದರೆ, ಕೆಳಗೆ ಜಾಕ್ ಕೊಡದೆ ಸಸ್ಪೆನ್ಷನ್ ಜಾಯಿಂಟು ಬಿಚ್ಚುವುದು ಕೈಕಾಲು ಮುರಿದುಕೊಳ್ಳುವ ದಾರಿ.

ಜೀಪಿನಲ್ಲಿ ಒಂದು ತಮಾಷೆ ಆಯಿತು. ಇನ್ನೊಂದು ಬದಿಯ ಜಾಯಿಂಟು ಎರಡೇ ಏಟಿಗೆ ಸಡಿಲವಾಯಿತು, ಆದರೆ ಉಳಿದಿದ್ದ ನಟ್ಟು ತುಕ್ಕಿನ ಥ್ರೆಡ್ಡಿನಲ್ಲಿ ಸಿಕ್ಕಿ, ತಿರುಗಿಸಿದರೆ ಮೊಳೆಯೂ ಜೊತೆಗೇ ಗಿರಗಿರ ತಿರುಗಿತು. ಮೇಸ್ತ್ರಿ ನಗುತ್ತಾ ಜಾಕ್ ಕೊಟ್ಟು ಒತ್ತಿ, ಅಷ್ಟು ಕಷ್ಟಪಟ್ಟು ಬಿಡಿಸಿದ್ದನ್ನು ಮತ್ತೆ ಕಚ್ಚಿಸಿದರು. ಆಗ ನಟ್ಟು ಬಂತು.

ಕಟ್ಟುವಾಗ ಮಾತು ಕಡಿಮೆ. ಇಳಿಜಾರನ್ನು ಒಣಬಟ್ಟೆಯಲ್ಲಿ ಒರೆಸಿದರು. ಅಲ್ಲಿಗೆ ಗ್ರೀಸ್ ಸೋಕಿಸುವಂತಿಲ್ಲ. ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಕೂಡಿಬರದಿದ್ದರೆ ಇನ್ನಷ್ಟು ಬಿಗಿ ಮಾಡಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಆಗಬೇಕು. ಹಳೇ ಎಂಡನ್ನು ರಾಡಿನಿಂದ ತಿರುಗಿಸಿ ತೆಗೆಯುವಾಗ ಹುಡುಗ ಸುತ್ತು ಎಣಿಸಿದ್ದ, ಹೊಸದನ್ನೂ ಅಷ್ಟೇ ಸುತ್ತು ಹಾಕಿದ. ಇಲ್ಲದಿದ್ದರೆ ಚಕ್ರಗಳು ಒಂದು ಈಚೆ ಒಂದು ಆಚೆ ನೋಡುತ್ತವೆ.

"ಆದ್ರೂ ಒಂದ್ಸಲ ಅಲೈನ್‌ಮೆಂಟ್ ಮಾಡಿಸ್ಕೊಳ್ಳಿ ಸಾರ್" ಎಂದು ಮೇಸ್ತ್ರಿ ತೋಟದವರಿಗೆ ಹೇಳಿ, ಹಳೇ ಜಾಯಿಂಟನ್ನು ಗುಜರಿ ಡಬ್ಬಕ್ಕೆ ಎಸೆದರು. ಜೀಪು ಚಿಕ್ಕಮಗಳೂರಿನ ಕಡೆ ಹೊರಟಿತು. ಹುಡುಗ ಮಡ್‌ಗಾರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟುಕೊಂಡಿದ್ದ 17 ಹಾಗೇ ಇತ್ತು.