ಕಂಪ್ಯೂಟರಿನಲ್ಲಿ ಬೆಳಕು ಮೂಡಿಸಲು ಹತ್ತನೇ ತರಗತಿಯ ಗಣಿತ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮುಂದೆ ಕಂಪ್ಯೂಟರ್ ಕಷ್ಟವಾಗುತ್ತದೆ ಎಂಬ ಮಾತು ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಪಾಲಕರಿಗೆ ಹೊಸದಲ್ಲ. ಏಳನೆಯದೋ ಎಂಟನೆಯದೋ ಮುಗಿಯುತ್ತಲೇ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕೋಣವೇ ಎಂಬ ಯೋಚನೆ ಹುಟ್ಟುವುದಕ್ಕೆ ಈ ಅಂಜಿಕೆಯೂ ಒಂದು ಕಾರಣ. ಅಂಜಿಕೆ ಎಷ್ಟು ನಿಜ, ಎಷ್ಟು ಬರೀ ಮಾತು ಎಂಬುದನ್ನು ಒಂದು ವಿದ್ಯೆಯನ್ನೇ ಕೈಗೆತ್ತಿಕೊಂಡು ನೋಡೋಣ. ಆ ವಿದ್ಯೆಯ ಹೆಸರು ರೇ ಟ್ರೇಸಿಂಗ್. ಬೆಳಕಿನ ಕಿರಣದ ಜಾಡು ಹಿಡಿದು ಕಂಪ್ಯೂಟರಿನಿಂದ ಚಿತ್ರ ಬಿಡಿಸುವ ಪ್ರೋಗ್ರಾಮಿಂಗ್ ಅದು. ಇಂದಿನ ಆ್ಯನಿಮೇಷನ್ ಸಿನಿಮಾ, ಕಟ್ಟಡಗಳ ಮುಂಗಡ ಚಿತ್ರ, ಹೊಸ ಗೇಮ್‌ಗಳಲ್ಲಿ ಕಾಣುವ ನೆರಳು ಮತ್ತು ಹೊಳಪಿನ ಹಿಂದೆ ಇದೇ ಇದೆ. ಇದನ್ನು ಕಲಿಯಲು ಬೇಕಾದ ಗಣಿತದ ಬಹುಭಾಗ ನಿಮ್ಮ ಮಗುವಿನ ಕನ್ನಡ ಪಠ್ಯಪುಸ್ತಕದಲ್ಲಿಯೇ ಇದೆ.

ಕಣ್ಣಿನಿಂದ ಹಿಂದಕ್ಕೆ

ಸೀರೆಯ ಅಂಚಿನ ವಿನ್ಯಾಸವನ್ನು ಮೊದಲು ಗ್ರಾಫ್ ಹಾಳೆಯಲ್ಲಿ ಬಿಡಿಸುವುದನ್ನು ನೇಕಾರರ ಮನೆಯವರು ಬಲ್ಲರು. ಒಂದೊಂದು ಚೌಕವನ್ನು ತುಂಬುವುದೋ ಖಾಲಿ ಬಿಡುವುದೋ ಎಂದು ತೀರ್ಮಾನಿಸುತ್ತ ಹೋದರೆ ಹೂವೋ ನವಿಲೋ ಮೂಡುತ್ತದೆ. ಕಂಪ್ಯೂಟರಿನ ಪರದೆಯೂ ಅಂಥದೇ ಗ್ರಾಫ್ ಹಾಳೆ. ಅದರ ಒಂದು ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಸಾಮಾನ್ಯ ದೊಡ್ಡ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್, ಒಟ್ಟು 20,73,600. ಪ್ರತಿ ಪಿಕ್ಸೆಲ್‌ಗೂ ಯಾವ ಬಣ್ಣ ಎಂದು ಹೇಳುವುದೇ ಪ್ರೋಗ್ರಾಮಿನ ಕೆಲಸ.

ಆ ಬಣ್ಣವನ್ನು ಕಂಡುಹಿಡಿಯುವುದು ಹೇಗೆ? ಸೂರ್ಯನಿಂದ ಹೊರಟ ಕಿರಣಗಳಲ್ಲಿ ನಮ್ಮ ಕಣ್ಣಿಗೆ ಬಂದು ಮುಟ್ಟುವವು ತೀರಾ ಕಡಿಮೆ. ಎಲ್ಲವನ್ನೂ ಲೆಕ್ಕ ಹಾಕುತ್ತ ಕೂತರೆ ಮುಗಿಯುವುದಿಲ್ಲ. ಬೆಳಕು ಹೋದ ದಾರಿಯಲ್ಲೇ ಹಿಂದಿರುಗಬಲ್ಲದು. ಆದ್ದರಿಂದ ಲೆಕ್ಕವನ್ನು ಹಿಂದುಮುಂದು ಮಾಡುತ್ತಾರೆ. ಕಣ್ಣಿನಿಂದ ಒಂದು ಪಿಕ್ಸೆಲ್ ಮೂಲಕ ಕಿರಣವನ್ನು ಹೊರಗೆ ಕಳಿಸಿ, ಅದು ಮೊದಲು ಯಾವ ವಸ್ತುವಿಗೆ ತಾಗುತ್ತದೆ ಎಂದು ನೋಡುತ್ತಾರೆ. ಈ ದಾರಿಯನ್ನು 1968ರಲ್ಲಿ ಆರ್ಥರ್ ಆ್ಯಪೆಲ್ ತೋರಿಸಿದರು. ಕನ್ನಡಿಯ ಹೊಳಪು, ಗಾಜಿನೊಳಗೆ ಬಾಗುವ ಬೆಳಕು ಇವನ್ನೂ ಸೇರಿಸಿ 1980ರಲ್ಲಿ ಟರ್ನರ್ ವಿಟೆಡ್ ಪ್ರಬಂಧ ಪ್ರಕಟಿಸಿದರು. ಚೌಕಳಿ ನೆಲದ ಮೇಲೆ ತೇಲುವ ಗೋಳಗಳ ಅವರ ಚಿತ್ರಕ್ಕೆ ಆಗಿನ ದೊಡ್ಡ ಕಂಪ್ಯೂಟರ್ 74 ನಿಮಿಷ ತೆಗೆದುಕೊಂಡಿತ್ತು. ಅಂಥದೇ ಚಿತ್ರವನ್ನು ಇಂದು ಶಾಲೆಯ ಸಾಧಾರಣ ಕಂಪ್ಯೂಟರ್ ಸ್ವಲ್ಪ ಹೊತ್ತಿನಲ್ಲೇ ಬಿಡಿಸುತ್ತದೆ.

ಶೋಧಕ ಹೇಳುವ ಉತ್ತರ

ಕಿರಣವು ಗೋಳಕ್ಕೆ ತಾಗುತ್ತದೆಯೇ ಇಲ್ಲವೇ ಎಂಬುದು ಇಲ್ಲಿ ಮೊದಲ ಪ್ರಶ್ನೆ. ಇದು ವರ್ಗ ಸಮೀಕರಣದ ಲೆಕ್ಕ.

ಕಣ್ಣಿನಿಂದ ನೇರ ಮುಂದೆ 5 ಮೀಟರ್ ದೂರದಲ್ಲಿ 1 ಮೀಟರ್ ತ್ರಿಜ್ಯದ ಗುಂಡುಬಂಡೆ ಇದೆ ಎಂದುಕೊಳ್ಳಿ. ನೇರ ಹೋದ ಕಿರಣ 'ಟಿ' ಮೀಟರ್ ನಡೆದಾಗ ಬಂಡೆಯ ಮೈ ಮೇಲಿದ್ದರೆ, ಬಂಡೆಯ ನಡುವಿನಿಂದ ಅದರ ದೂರ 1 ಆಗಿರಬೇಕು. ಅಂದರೆ (ಟಿ − 5)² = 1. ಬಿಡಿಸಿ ಬರೆದರೆ ಟಿ² − 10ಟಿ + 24 = 0. ಇದರ ಶೋಧಕ 100 − 96 = 4, ಧನ ಸಂಖ್ಯೆ. ಮೂಲಗಳು 4 ಮತ್ತು 6. ಕಿರಣ 4 ಮೀಟರಿನಲ್ಲಿ ಬಂಡೆಯನ್ನು ಹೊಕ್ಕು 6 ಮೀಟರಿನಲ್ಲಿ ಹೊರಬರುತ್ತದೆ. ಕಣ್ಣಿಗೆ ಕಾಣುವುದು ಹತ್ತಿರದ್ದು, ಅಂದರೆ 4.

ಈಗ ಕಿರಣವನ್ನು ಓರೆ ಮಾಡಿ: 1 ಮೀಟರ್ ಮುಂದೆ ಹೋದಾಗ ಅರ್ಧ ಮೀಟರ್ ಪಕ್ಕಕ್ಕೂ ಸರಿಯಲಿ. ಆಗ ಸಮೀಕರಣ 1.25ಟಿ² − 10ಟಿ + 24 = 0 ಆಗುತ್ತದೆ. ಶೋಧಕ 100 − 120 = −20, ಋಣ ಸಂಖ್ಯೆ. ವಾಸ್ತವ ಮೂಲವೇ ಇಲ್ಲ. ಕಿರಣ ಬಂಡೆಯನ್ನು ಮುಟ್ಟದೆ ಆಕಾಶಕ್ಕೆ ಹೋಯಿತು. ಆ ಪಿಕ್ಸೆಲ್‌ಗೆ ನೀಲಿ ಬಣ್ಣ.

ಶೋಧಕ ಸೊನ್ನೆಯಾದರೆ ಕಿರಣ ಬಂಡೆಯನ್ನು ಒಂದೇ ಬಿಂದುವಿನಲ್ಲಿ ಸವರಿಕೊಂಡು ಹೋಗುತ್ತದೆ. ಇದೇ ಸ್ಪರ್ಶಕ, ಎರಡು ಕಡೆ ಕಡಿದರೆ ಛೇದಕ. 'ಈ ಸೂತ್ರ ಕಲಿತು ಏನು ಉಪಯೋಗ' ಎಂದು ಹತ್ತನೆಯದರ ಮಕ್ಕಳು ಕೇಳುವ ಪ್ರಶ್ನೆಗೆ ಇಲ್ಲೊಂದು ನೇರ ಉತ್ತರವಿದೆ. ಪ್ರೋಗ್ರಾಂ ಈ ಒಂದೇ ಲೆಕ್ಕವನ್ನು ಪ್ರತಿ ಪಿಕ್ಸೆಲ್‌ಗೂ ಮಾಡುತ್ತ ಹೋದರೆ ಪರದೆಯ ಮೇಲೆ ಗೋಳ ಮೂಡುತ್ತದೆ.

ನೆರಳು, ಹೊಳಪು

ಮುಂದಿನ ಹೆಜ್ಜೆಗಳೂ ಪರಿಚಿತವೇ. ಮಟಮಟ ಮಧ್ಯಾಹ್ನದ ಬಿಸಿಲು ನೆಲಕ್ಕೆ ನೆಟ್ಟಗೆ ಬಿದ್ದು ಚುರುಗುಟ್ಟುತ್ತದೆ, ಸಂಜೆಯ ಓರೆಬಿಸಿಲು ಮಂದ. ಲಂಬಕ್ಕೂ ಬೆಳಕಿಗೂ ನಡುವಿನ ಕೋನದ ಕೊಸೈನ್ ಎಷ್ಟೋ ಬೆಳಕು ಅಷ್ಟು: 0 ಡಿಗ್ರಿಗೆ ಪೂರ್ತಿ, 60 ಡಿಗ್ರಿಗೆ ಅರ್ಧ, 90 ಡಿಗ್ರಿಗೆ ಸೊನ್ನೆ. ಇದಿಷ್ಟು ಸೇರಿಸಿದರೆ ಚಪ್ಪಟೆ ವೃತ್ತ ಚೆಂಡಿನಂತೆ ಉಬ್ಬಿ ಕಾಣುತ್ತದೆ. ಕಿರಣ ತಾಗಿದ ಜಾಗದಿಂದ ದೀಪದ ಕಡೆಗೆ ಇನ್ನೊಂದು ಕಿರಣ ಕಳಿಸಿ; ನಡುವೆ ಏನಾದರೂ ಅಡ್ಡ ಬಂದರೆ ಅಲ್ಲಿ ನೆರಳು. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ ಎಂಬ ನಿಯಮವನ್ನು ಸೇರಿಸಿದರೆ ಕನ್ನಡಿ. ವಕ್ರೀಭವನದ ಪಾಠವನ್ನು ಸೇರಿಸಿದರೆ ಗಾಜು, ನೀರು.

ಹತ್ತನೆಯದರಲ್ಲಿ ಬರದ ಸಂಗತಿಯೂ ಒಂದಿದೆ. ಅಲ್ಲಿ ಬಿಂದುವಿಗೆ ಎರಡು ನಿರ್ದೇಶಾಂಕ, ಇಲ್ಲಿ ಮೂರು ಬೇಕು. ದಿಕ್ಕನ್ನು ಹೇಳುವ ಸದಿಶಗಳೂ ಬೇಕು. ದೂರದ ಸೂತ್ರಕ್ಕೆ ಇನ್ನೊಂದು ವರ್ಗ ಸೇರಿಸುವುದು, ಮೂರು ಸಂಖ್ಯೆಗಳನ್ನು ಒಟ್ಟಿಗೆ ಕೂಡಿ ಕಳೆಯುವುದು ಎಂದು ಗಣಿತದ ಶಿಕ್ಷಕರು ಬಿಡಿಸಿ ಹೇಳಿದರೆ ಆಸಕ್ತಿಯಿರುವ ಮಕ್ಕಳು ಹಿಡಿದುಕೊಳ್ಳುತ್ತಾರೆ.

ಬ್ರೌಸರ್ ಒಂದೇ ಸಾಕು

ಇದಕ್ಕೆ ದುಬಾರಿ ಯಂತ್ರ ಬೇಡ, ಸಾಫ್ಟ್‌ವೇರ್ ಕೊಳ್ಳುವುದೂ ಬೇಡ. ಇಂಟರ್ನೆಟ್ ನೋಡಲು ಬಳಸುವ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ತಾವೇ ನಡೆಸುತ್ತವೆ. ನೋಟ್‌ಪ್ಯಾಡ್‌ನಲ್ಲಿ ಪ್ರೋಗ್ರಾಂ ಬರೆದು, ಎಚ್‌ಟಿಎಂಎಲ್ ಫೈಲ್ ಆಗಿ ಉಳಿಸಿ, ಬ್ರೌಸರ್‌ನಲ್ಲಿ ತೆರೆದರೆ ಆಯಿತು. ನೆಟ್ ಇಲ್ಲದಿದ್ದರೂ ಓಡುತ್ತದೆ. ಚಿತ್ರ ಬಿಡಿಸುವ ಜಾಗಕ್ಕೆ ಕ್ಯಾನ್ವಾಸ್ ಎನ್ನುತ್ತಾರೆ. ಹಳೆಯ ಕಂಪ್ಯೂಟರ್ ಆದರೆ 400 ಅಗಲ, 300 ಎತ್ತರದ ಚಿಕ್ಕ ಚಿತ್ರದಿಂದ ಶುರು ಮಾಡಬಹುದು. ಅದಕ್ಕೆ 1,20,000 ಕಿರಣ ಸಾಕು.

ಕೈ ಪಳಗಿದ ಮೇಲೆ ಈ ಲೆಕ್ಕವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸಬಹುದು. ಅದು ಸಾವಿರಾರು ಪಿಕ್ಸೆಲ್‌ಗಳ ಲೆಕ್ಕವನ್ನು ಒಟ್ಟೊಟ್ಟಿಗೆ ಮಾಡುತ್ತದೆ. ಬ್ರೌಸರ್‌ನಿಂದ ಆ ಚಿಪ್ ಬಳಸಲು 2011ರಲ್ಲಿ ವೆಬ್‌ಜಿಎಲ್ ಬಂತು, 2023ರಲ್ಲಿ ಕ್ರೋಮ್‌ಗೆ ವೆಬ್‌ಜಿಪಿಯು ಸೇರಿತು. ಇವು ಎರಡನೇ ವರ್ಷದ ಮಾತು, ಮೊದಲ ತಿಂಗಳಿನದಲ್ಲ.

ಇಂಗ್ಲಿಷ್ ಎಷ್ಟು ಬೇಕು?

ಮೊದಲ ಚಿತ್ರಕ್ಕೆ ಲೆಟ್, ಕಾನ್ಸ್ಟ್, ಇಫ್, ಎಲ್ಸ್, ಫಾರ್, ವೈಲ್, ಫಂಕ್ಷನ್, ರಿಟರ್ನ್ ಎಂಬ ಎಂಟು ಪದಗಳು ಮತ್ತು ಕ್ಯಾನ್ವಾಸ್‌ಗೆ ಹೇಳುವ ನಾಲ್ಕಾರು ಆಜ್ಞೆಗಳು ಬೇಕು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮಾತಾಡುವ ನಮ್ಮ ಮಕ್ಕಳಿಗೆ ಇಷ್ಟು ಪದ ಭಾರವಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಜಾವಾಸ್ಕ್ರಿಪ್ಟ್‌ನಲ್ಲಿ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. ತ್ರಿಜ್ಯ, ಶೋಧಕ, ಕಿರಣ, ನೆರಳು ಎಂದೇ ಬರೆದರೂ ಪ್ರೋಗ್ರಾಂ ಓಡುತ್ತದೆ. ಅಕ್ಷರ ಮಾತ್ರ ಯೂನಿಕೋಡ್‌ನಲ್ಲಿರಬೇಕು. ಪಠ್ಯಪುಸ್ತಕದ ಪದವೇ ಪ್ರೋಗ್ರಾಮಿನಲ್ಲಿಯೂ ಇದ್ದರೆ ಮಗುವಿನ ಗಮನ ಪದದ ಮೇಲಲ್ಲ, ಲೆಕ್ಕದ ಮೇಲೆ ನಿಲ್ಲುತ್ತದೆ.

ಆದರೆ ಇಂಗ್ಲಿಷ್ ಬೇಡವೇ ಬೇಡ ಎನ್ನುವುದು ಸರಿಯಲ್ಲ. ತಪ್ಪಾದಾಗ ಬ್ರೌಸರ್ ಕೊಡುವ ಸೂಚನೆ ಇಂಗ್ಲಿಷಿನಲ್ಲಿರುತ್ತದೆ. ವೆಬ್‌ಜಿಎಲ್‌ನ ಚಿಪ್‌ಗಾಗಿ ಬರೆಯುವ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರದ ಹೆಸರುಗಳೇ ಆಗಬೇಕು. ಪೀಟರ್ ಶರ್ಲಿ ಅವರ 'ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್' ಎಂಬ ಹೆಸರಾಂತ ಪುಸ್ತಕ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ; ಅದು ಇಂಗ್ಲಿಷಿನಲ್ಲಿದೆ, ಅದರ ಪ್ರೋಗ್ರಾಂ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಲೆಕ್ಕವನ್ನು ಕನ್ನಡದಲ್ಲಿ ಅರಿತ ಮಗುವಿಗೆ ಆ ಪುಸ್ತಕದಲ್ಲಿ ಹೊಸದಾಗಿರುವುದು ಪದ ಮಾತ್ರ. ಅರಿಯದೆ ಉರುಹೊಡೆದ ಮಗುವಿಗೆ ಪದವೂ ಹೊಸದು, ಲೆಕ್ಕವೂ ಹೊಸದು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಎರಡು ಸಾಲು ಮಾಡಿ ಒಂದರಲ್ಲಿ ಕನ್ನಡ ಪದ, ಎದುರಿಗೆ ಇಂಗ್ಲಿಷ್ ಪದ ಬರೆದುಕೊಳ್ಳುವ ರೂಢಿ ಎಂಟನೆಯ ತರಗತಿಯಿಂದಲೇ ಬೆಳೆದರೆ ಒಳ್ಳೆಯದು. ಹತ್ತನೆಯದಾದ ಮೇಲೆ ರಾಯಚೂರಿಗೇ ಹೋಗಲಿ, ಹೈದರಾಬಾದಿಗೇ ಹೋಗಲಿ, ಆ ಪಟ್ಟಿ ಕೈ ಹಿಡಿಯುತ್ತದೆ.

ಪಾಲಕರು ಏನು ಮಾಡಬಹುದು?

ಹೊಸ ಕಂಪ್ಯೂಟರಿಗೋ ಕೋಚಿಂಗಿಗೋ ಸಾಲ ಮಾಡಬೇಡಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ವಾರಕ್ಕೆ ಒಂದೆರಡು ತಾಸು ಮಕ್ಕಳಿಗೆ ಸಿಗುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಮೊದಲು ಲೆಕ್ಕ ಕಾಗದದ ಮೇಲೆ ಆಗಲಿ. ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲ್ ಸಾಕು. ಆಮೇಲೆ ಒಂದೊಂದೇ ಹೆಜ್ಜೆ: ಪರದೆ ತುಂಬ ಒಂದೇ ಬಣ್ಣ, ಆಮೇಲೆ ಗೋಳ, ಆಮೇಲೆ ಬೆಳಕು, ನೆರಳು, ಕನ್ನಡಿ.

ಮಗು ಪರದೆಯ ಮುಂದೆ ಕೂತಿದ್ದರೆ ಆಟವಾಡುತ್ತಿದೆ ಎಂದು ಬೈಯುವ ಮೊದಲು 'ಇದು ಹೇಗೆ ಬಂತು, ನನಗೆ ಹೇಳು' ಎಂದು ಕೇಳಿ. ನಿಮಗೆ ಕಂಪ್ಯೂಟರ್ ಬರಬೇಕೆಂದಿಲ್ಲ. ನಿಮಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಲು ಬಂದರೆ ಅದಕ್ಕೆ ಪಾಠ ಬಂದಿದೆ ಎಂದೇ ಅರ್ಥ.

ಈ ವಿದ್ಯೆ ಕಲಿತ ಎಲ್ಲರಿಗೂ ಕೆಲಸ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಮಾಧ್ಯಮ ಬದಲಿಸುವ ಯೋಚನೆ ಬಂದಾಗ ಮಾತ್ರ ಒಂದು ಪರೀಕ್ಷೆ ಮಾಡಿ ನೋಡಿ. ವರ್ಗ ಸಮೀಕರಣವನ್ನೂ ಬೆಳಕಿನ ಪಾಠವನ್ನೂ ಮಗು ತನ್ನ ಮಾತಿನಲ್ಲಿ ವಿವರಿಸುತ್ತದೆಯೇ? ವಿವರಿಸಿದರೆ ಕಂಪ್ಯೂಟರ್ ಎಂಬ ಕಾರಣಕ್ಕೆ ಶಾಲೆ ಬದಲಿಸಬೇಕಾಗಿಲ್ಲ. ವಿವರಿಸದಿದ್ದರೆ ಮೊದಲು ಗಣಿತದ ಪಾಠ ಸರಿಹೋಗಬೇಕು. ಮಾಧ್ಯಮ ಬದಲಿಸಿದರಷ್ಟೇ ಅದು ಸರಿಹೋಗುವುದಿಲ್ಲ.