ಹಟವಲ್ಲ, ಅದು ಮಗುವಿನ ಸಂಕಟ

ಕಳೆದ 27 ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಎಂದು ಕಪ್ಪು ಹಲಗೆಯ ಮೇಲೆ ಬರೆದು, ‘ಇವೇ ನಮ್ಮ ಪಂಚೇಂದ್ರಿಯಗಳು’ ಎಂದು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಪಟ್ಟಿ ಅಪೂರ್ಣ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟವನು ನನ್ನ ಮಗ.

ಅವನಿಗೆ ಆಗ ಐದು ವರ್ಷ. ಕುಕ್ಕರ್ ಸೀಟಿ ಹಾಕಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಕಾಲರಿನ ಒಳಗಿನ ಚೀಟಿ ಚುಚ್ಚುತ್ತದೆಂದು ಅಂಗಿಯನ್ನೇ ಕಿತ್ತೆಸೆಯುತ್ತಿದ್ದ. ಕ್ಷೌರಕ್ಕೆ ಕೂರಿಸಬೇಕಾದರೆ ಇಬ್ಬರು ಹಿಡಿದುಕೊಳ್ಳಬೇಕು. ಇದೇ ಹುಡುಗ ಉಯ್ಯಾಲೆ ಏರಿದರೆ ಇಳಿಯುತ್ತಿರಲಿಲ್ಲ. ಬೇಕೆಂದೇ ಹೋಗಿ ಗೋಡೆಗೆ ಹಾಯುತ್ತಿದ್ದ. ‘ಹಟಮಾರಿ’ ಎಂದರು ನೆಂಟರು. ‘ಮುದ್ದು ಮಾಡಿ ಕೆಡಿಸಿದ್ದೀರಿ’ ಎಂದರು ನೆರೆಯವರು. ಒಂದು ಮದುವೆ ಮನೆಯಲ್ಲಿ ಓಲಗದ ಸದ್ದಿಗೆ ಅವನು ಚೀರಾಡತೊಡಗಿದಾಗ ಎಲ್ಲರೆದುರು ನಾನೇ ಎರಡು ಏಟು ಕೊಟ್ಟೆ. ಏಟು ತಿನ್ನುವಾಗಲೂ ಅವನ ಎರಡು ಕೈಗಳು ಕಿವಿಯ ಮೇಲೆಯೇ ಇದ್ದವು. ಬೆನ್ನಿನ ನೋವಿಗಿಂತ ಕಿವಿಯ ನೋವು ದೊಡ್ಡದಾಗಿತ್ತು ಎಂದು ನನಗೆ ಹೊಳೆದದ್ದು ರಾತ್ರಿ ಮನೆಗೆ ಬಂದ ಮೇಲೆ.

ಮಕ್ಕಳ ವೈದ್ಯರು ಮೊದಲು ಶ್ರವಣ ಪರೀಕ್ಷೆ, ದೃಷ್ಟಿ ಪರೀಕ್ಷೆ ಮಾಡಿಸಿದರು. ಎರಡೂ ಸರಿಯಾಗಿದ್ದವು. ಬೆಳವಣಿಗೆಯನ್ನೆಲ್ಲ ಪರಿಶೀಲಿಸಿ, ಆಕ್ಯುಪೇಷನಲ್ ಥೆರಪಿಗೆ ಕರೆದೊಯ್ಯಲು ಹೇಳಿದರು.

ಅಂಚೆ ಕಚೇರಿಯ ಗೊಂದಲ

ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ. ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಕಾಣದಿದ್ದರೂ ಕೈ ಸರಿಯಾದ ಜಾಗಕ್ಕೆ ಹೋಯಿತಲ್ಲವೇ? ಸ್ನಾಯು, ಕೀಲುಗಳಿಂದ ಮಿದುಳಿಗೆ ಸದಾ ಸುದ್ದಿ ಹೋಗುತ್ತಿರುತ್ತದೆ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದನ್ನು ‘ಪ್ರೊಪ್ರಿಯೋಸೆಪ್ಷನ್’ ಎಂದು ಕರೆದರು. ಇನ್ನೊಂದು ಸಮತೋಲನದ ಸಂವೇದನೆ. ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ಗಿರಗಿರನೆ ತಿರುಗಿ ನಿಂತರೂ ಆ ದ್ರವ ಕ್ಷಣಕಾಲ ಚಲಿಸುತ್ತಲೇ ಇರುವುದರಿಂದ ನಮಗೆ ತಲೆ ಸುತ್ತುತ್ತದೆ. ಹಸಿವು, ಬಾಯಾರಿಕೆಗಳಂತಹ ಒಡಲೊಳಗಿನ ಸುದ್ದಿಗಳು ಬೇರೆ.

ಇಷ್ಟು ದಿಕ್ಕುಗಳಿಂದ ಬರುವ ಅಂಚೆಯನ್ನು ವಿಂಗಡಿಸುವ ಕಚೇರಿ ನಮ್ಮ ಮಿದುಳು. ಕೈಗಡಿಯಾರ ಕಟ್ಟಿಕೊಂಡ ಕೆಲವೇ ನಿಮಿಷಗಳಲ್ಲಿ ಅದರ ಸ್ಪರ್ಶ ನಮಗೆ ಮರೆತೇಹೋಗುತ್ತದೆ. ಬೇಡದ ಪತ್ರವನ್ನು ಮಿದುಳು ಪಕ್ಕಕ್ಕಿಟ್ಟಿರುತ್ತದೆ. ಕೆಲವು ಮಕ್ಕಳಲ್ಲಿ ಈ ವಿಂಗಡಣೆ ಕೈಕೊಡುತ್ತದೆ. ಕಾಲರಿನ ಚೀಟಿಯೂ, ಫ್ಯಾನಿನ ಸದ್ದೂ, ಒಗ್ಗರಣೆಯ ಘಾಟೂ ತುರ್ತು ತಂತಿಯಂತೆ ಒಟ್ಟಿಗೆ ಬಂದು ಬೀಳುತ್ತವೆ. ಇನ್ನು ಕೆಲವು ಸುದ್ದಿ ತಲುಪುವುದೇ ದುರ್ಬಲವಾಗಿ. ಹಾಗಾಗಿಯೇ ಕೆಲ ಮಕ್ಕಳು ಜಿಗಿಯುತ್ತಾರೆ, ಹಾಯುತ್ತಾರೆ, ಸುತ್ತುತ್ತಾರೆ. ನನ್ನ ಮಗನಲ್ಲಿ ಎರಡೂ ಇದ್ದವು.

ಈ ದೃಷ್ಟಿಯನ್ನು ಸಿದ್ಧಾಂತವಾಗಿ ಬೆಳೆಸಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಹಾಗೂ ಮನಶ್ಶಾಸ್ತ್ರಜ್ಞೆ ಜೀನ್ ಏರ್ಸ್. ಈ ಕುರಿತ ಅವರ ಮುಖ್ಯ ಗ್ರಂಥ 1972ರಲ್ಲಿ ಬಂತು.

ಶನಿವಾರದ ಬಸ್ಸು

ಬೆಳಗಿನ ಶಾಲೆ ಮುಗಿಸಿ, ಪ್ರತಿ ಶನಿವಾರ ಮಗನೊಂದಿಗೆ 40 ಕಿಲೋಮೀಟರ್ ಬಸ್ ಪ್ರಯಾಣ. ಚಿಕಿತ್ಸೆ 45 ನಿಮಿಷ. ಅಲ್ಲಿ ಔಷಧಿಯಿಲ್ಲ, ಸೂಜಿಯಿಲ್ಲ. ಚಾವಣಿಯಿಂದ ಇಳಿಬಿಟ್ಟ ಉಯ್ಯಾಲೆ, ಮಗು ಬೋರಲು ಮಲಗುವಷ್ಟು ದೊಡ್ಡ ಚೆಂಡು, ರಾಗಿ ತುಂಬಿದ ತಟ್ಟೆಯಲ್ಲಿ ಹುದುಗಿಸಿಟ್ಟ ಗೋಲಿಗಳು. ‘ಇಷ್ಟಕ್ಕೆ ಹಣ ಕೊಡಬೇಕೆ? ಇದು ಆಟವಲ್ಲವೇ?’ ಎಂದು ಮೊದಲ ದಿನ ಮನಸ್ಸಿನಲ್ಲೇ ಗೊಣಗಿದೆ. ರಾಗಿ ಮುಟ್ಟಲು ಒಪ್ಪದವನು ಮೂರನೆಯ ತಿಂಗಳಿನಲ್ಲಿ ಮೊಣಕೈವರೆಗೂ ಕೈ ಅದ್ದಿದಾಗ ಗೊಣಗಾಟ ನಿಂತಿತು.

ಆ ಹೆಣ್ಣುಮಗಳು ಅವನನ್ನು ಎಂದೂ ಬಲವಂತ ಮಾಡಲಿಲ್ಲ. ‘ಸರ್, ವಾರಕ್ಕೆ 45 ನಿಮಿಷ ನನ್ನದು, ಉಳಿದದ್ದೆಲ್ಲ ನಿಮ್ಮದು’ ಎಂದರು. ಮನೆಯಲ್ಲಿ ಅವನಿಗೆ ಕೆಲಸ ಹಂಚಿದೆವು: ಚಪಾತಿ ಹಿಟ್ಟು ನಾದುವುದು, ಸಣ್ಣ ಬಿಂದಿಗೆಯಲ್ಲಿ ನೀರು ತರುವುದು. ಸ್ನಾಯುಗಳಿಗೆ ಭಾರ ಬಿದ್ದ ದಿನ ಅವನು ಶಾಂತವಾಗಿರುತ್ತಿದ್ದ. ಮಿಕ್ಸಿ ಹಾಕುವ ಮುಂಚೆ ‘ಸದ್ದಾಗುತ್ತದೆ ಕಣೋ’ ಎಂದು ಹೇಳುವುದನ್ನು ನನ್ನ ಪತ್ನಿ ರೂಢಿ ಮಾಡಿಕೊಂಡಳು. ಅಂಗಿಗಳ ಚೀಟಿಯನ್ನೆಲ್ಲ ಕತ್ತರಿಸಿದೆವು. ಎಷ್ಟು ಸುಲಭದ ಪರಿಹಾರ! ಅದಕ್ಕಾಗಿ ಎಷ್ಟು ದಿನ ಬೈದಿದ್ದೆವು!

ಪೋಷಕರಿಗೆ ಕೆಲವು ಮಾತು

ಚಿಕಿತ್ಸೆಗೆ ಹೋಗುವ ಮುನ್ನ ಎಲ್ಲಿಗೆ, ಎಷ್ಟು ಹೊತ್ತು ಎಂಬುದನ್ನು ಮಗುವಿಗೆ ನಿಜವಾಗಿ ತಿಳಿಸಿ. ‘ಜಾತ್ರೆಗೆ ಹೋಗೋಣ’ ಎಂದು ಸುಳ್ಳು ಹೇಳಿದರೆ ಮುಂದಿನ ವಾರ ನಂಬುವುದಿಲ್ಲ. ಹಸಿದ, ನಿದ್ದೆಗೆಟ್ಟ ಮಗುವನ್ನು ಕರೆದೊಯ್ಯಬೇಡಿ. ಸ್ವಲ್ಪ ಮುಂಚೆಯೇ ತಲುಪಿ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು. ಒಂದು ನೋಟ್ ಪುಸ್ತಕವಿಟ್ಟು, ಯಾವಾಗ ಕಿರಿಕಿರಿಯಾಯಿತು, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆಯಿರಿ. ‘ಮುಂದಿನ ಮೂರು ತಿಂಗಳಲ್ಲಿ ಯಾವ ಬದಲಾವಣೆ ನಿರೀಕ್ಷಿಸಬಹುದು?’ ಎಂದು ಚಿಕಿತ್ಸಕರನ್ನು ಕೇಳಿ. ಗುಂಡಿ ಹಾಕಿಕೊಳ್ಳುವುದು, ತಲೆಗೂದಲು ಕತ್ತರಿಸಿಕೊಳ್ಳುವುದು, ಹೀಗೆ ಕಣ್ಣಿಗೆ ಕಾಣುವ ಗುರಿ ಇರಲಿ.

ಇದು ಪವಾಡವಲ್ಲ ಎಂಬುದನ್ನೂ ವಿಜ್ಞಾನದ ಮೇಷ್ಟರಾಗಿ ಹೇಳಬೇಕು. ಈ ಚಿಕಿತ್ಸೆಯ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತವಾಗಿದೆ, ಸಮಗ್ರ ಚಿಕಿತ್ಸೆಯ ಒಂದು ಭಾಗವಾಗಿ ಇದನ್ನು ಬಳಸಬಹುದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿತು. ‘ಪೂರ್ತಿ ಗುಣಪಡಿಸುತ್ತೇವೆ’ ಎನ್ನುವವರಿಂದ ದೂರವಿರಿ. ಸಂವೇದನೆಯ ತೊಂದರೆ ಆಟಿಸಂನಲ್ಲಿ ಸಾಮಾನ್ಯ; ಆದರೆ ಈ ತೊಂದರೆ ಇದ್ದ ಮಾತ್ರಕ್ಕೆ ಆಟಿಸಂ ಎಂದಲ್ಲ. ನಿರ್ಧರಿಸಬೇಕಾದವರು ತಜ್ಞರು.

ಎಲ್ಲಿಗೆ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮಾತು, ಶ್ರವಣದ ತೊಂದರೆಯೂ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಸಂವೇದನೆಯ ತೊಂದರೆ ಮಾತ್ರ ಪ್ರತ್ಯೇಕವಾಗಿ ಸೇರಿಲ್ಲ.

ಮನೆಯಲ್ಲಿ ಇನ್ನೊಂದು ಮಗು

ಒಂದು ತಪ್ಪು ಮಾತ್ರ ನಮಗೆ ತಡವಾಗಿ ಗೊತ್ತಾಯಿತು. ಒಂದು ಶನಿವಾರ ಹೊರಡುವಾಗ ಮಗಳು ಕೇಳಿದಳು: ‘ಅಪ್ಪಾ, ನನಗೂ ಏನಾದರೂ ಆದರೆ ನನ್ನನ್ನೂ ಬಸ್ಸಿನಲ್ಲಿ ಕರಕೊಂಡು ಹೋಗ್ತೀಯಾ?’ ಆಗ ಅವಳಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳ ಶನಿವಾರಗಳು ಖಾಲಿಯಾಗಿದ್ದವು. ಅಂದಿನಿಂದ ತಿಂಗಳಿಗೊಂದು ಭಾನುವಾರ ಅವಳದು ಮಾತ್ರ ಎಂದು ನಿಗದಿ ಮಾಡಿದೆವು. ಆ ದಿನ ತಮ್ಮನ ವಿಚಾರ ಎತ್ತುವಂತಿಲ್ಲ.

ಮಗನಿಗೆ ಈಗ 12 ವರ್ಷ. ಪಟಾಕಿ ಇಂದಿಗೂ ಆಗದು. ಕಳೆದ ತಿಂಗಳು ಬಂಧುಗಳ ಮದುವೆಯಲ್ಲಿ ಓಲಗ ಜೋರಾದಾಗ ನನ್ನ ಬಳಿ ಬಂದು, ‘ಅಪ್ಪಾ, ಹತ್ತು ನಿಮಿಷ ಹೊರಗಿದ್ದು ಬರುತ್ತೇನೆ’ ಎಂದ. ಹೋದ, ಬಂದ, ಊಟಕ್ಕೆ ಕೂತ.

ನಿಮ್ಮ ತರಗತಿಯಲ್ಲಿ ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಗೆಳೆಯನಿದ್ದರೆ, ಮಕ್ಕಳೇ, ನಗಬೇಡಿ. ಶಿಕ್ಷಕ ಮಿತ್ರರೇ, ಅವನನ್ನು ಬಾಗಿಲ ಬಳಿ ಕೂರಿಸಿ. ಏಟು ಕೊಡುವ ಮೊದಲು ಕಾರಣ ಕೇಳಿ, ನಾನು ಕೇಳಿರಲಿಲ್ಲ.